ಜಪಾನಿನ ‘ಐದೊರು’: ಚಿತ್ರಕಥೆಗಳ ಕನ್ನಡಿಯಲ್ಲಿ

ಜಪಾನೀ ಭಾಷೆಯಲ್ಲಿ ‘ಐದೊರು’ ಎಂಬುದೊಂದು ಪದವುಂಟು. ಇಂಗ್ಲಿಷಿನ ‘ಐಡಲ್’ ಶಬ್ದದ ರೂಪಾಂತರವಿದು. ಪೂಜೆಗೊಳ್ಳುವ ವಿಗ್ರಹವೆಂಬುದು ಮೂಲಾರ್ಥ. 1963ರಲ್ಲಿ ತಯಾರಾದ ಫ್ರೆಂಚ್ ಚಲನಚಿತ್ರವೊಂದು ಮರುವರ್ಷ ‘ಐದೊರುವನ್ನು ಹುಡುಕಿರಿ’ ಎಂಬರ್ಥದ ಹೆಸರಿನಿಂದ ಜಪಾನಿನಲ್ಲಿ ಪ್ರದರ್ಶಿತವಾದ ಮೇಲೆ ಈ ಪದವು ಅಲ್ಲಿನ ತರುಣ ಗಾಯಕಿಯರಿಗೆ ಅಂಟಿಕೊಂಡಿತು. 1971ರಲ್ಲಿ ಆರಂಭವಾದ ‘ಸ್ಟಾರ್ ತಾಂಜೋ’ ಎಂಬ ದೂರದರ್ಶನ ಸ್ಪರ್ಧೆಯು ಹದಿಮೂರು ಹದಿನಾಲ್ಕು ವಯಸ್ಸಿನ ಬಾಲೆಯರನ್ನು ಮನೆಮನೆಗೆ ಪರಿಚಯಿಸಿತು.

ಐದೊರುವನ್ನು ಕೇವಲ ಗಾಯಕಿಯೆಂದು ಬಗೆದರೆ ಅರ್ಥವು ಕೈತಪ್ಪುತ್ತದೆ. ಸಂಗೀತ ವಿದುಷಿಯಿಂದ ನಾವು ಸಿದ್ಧಿಯನ್ನು ಅಪೇಕ್ಷಿಸುತ್ತೇವೆ. ಐದೊರುವಿನಲ್ಲಿ ಅಭಿಮಾನಿಗಳು ಕಾಣಬಯಸುವುದು ಅಪೂರ್ಣತೆಯನ್ನು, ಎಡವುತ್ತ ಬೆಳೆಯುವ ಬಗೆಯನ್ನು. 2005ರಲ್ಲಿ ಟೋಕಿಯೋದ ಅಕಿಹಬರಾದಲ್ಲಿ ಹುಟ್ಟಿದ ‘ಎಕೆಬಿ48’ ತಂಡವು ‘ಭೇಟಿಯಾಗಬಹುದಾದ ಐದೊರು’ ಎಂಬುದನ್ನೇ ತನ್ನ ಘೋಷಣೆಯಾಗಿಸಿಕೊಂಡಿತು. ಧ್ವನಿಮುದ್ರಿಕೆಯನ್ನು ಕೊಂಡವರಿಗೆ ಗಾಯಕಿಯ ಕೈಕುಲುಕುವ ಚೀಟಿ ದೊರೆಯುತ್ತಿತ್ತು. 2009ರಿಂದ 2018ರವರೆಗೆ ತಂಡದೊಳಗಿನ ಸ್ಥಾನಮಾನವನ್ನು ಅಭಿಮಾನಿಗಳ ಮತದಾನವೇ ನಿರ್ಣಯಿಸಿತು. ಒಬ್ಬನೇ ಅಭಿಮಾನಿಯು ನೂರಾರು ಮುದ್ರಿಕೆಗಳನ್ನು ಕೊಂಡು ನೂರಾರು ಮತ ಹಾಕಬಹುದಾದ ಈ ಚುನಾವಣೆಗೆ ಪ್ರಜಾಪ್ರಭುತ್ವದ ಹೆಸರು ಸಲ್ಲದು.

ಈ ಆರಾಧನೆಯ ಬೆಲೆಯನ್ನು ತೆರುವವರು ಯಾರು? ಅನೇಕ ಒಪ್ಪಂದಗಳಲ್ಲಿ ಪ್ರೇಮಸಂಬಂಧವು ನಿಷಿದ್ಧ. 2015ರಲ್ಲಿ ಈ ನಿಯಮವನ್ನು ಮೀರಿದ ಹದಿನೇಳು ವರ್ಷದ ಹುಡುಗಿಯು 6,50,000 ಯೆನ್ ಪರಿಹಾರ ತೆರಬೇಕೆಂದು ಟೋಕಿಯೋ ಜಿಲ್ಲಾ ನ್ಯಾಯಾಲಯವು ತೀರ್ಪಿತ್ತಿತು. ಕೆಲವೇ ತಿಂಗಳುಗಳ ತರುವಾಯ, 2016ರ ಜನವರಿಯಲ್ಲಿ, ಅದೇ ನ್ಯಾಯಾಲಯವು ಅಂಥದೇ ಇನ್ನೊಂದು ದಾವೆಯನ್ನು ವಜಾಗೊಳಿಸಿತು. ಸುಖವನ್ನರಸುವ ಹಕ್ಕಿನಲ್ಲಿ ಪ್ರೇಮವೂ ಸೇರಿದೆಯೆಂಬುದು ಆ ತೀರ್ಪಿನ ತಿರುಳು. ಎರಡನೆಯದೇ ನ್ಯಾಯವೆಂಬುದರಲ್ಲಿ ನನಗೆ ಸಂಶಯವಿಲ್ಲ.

‘ಮಾಂಗಾ’ ಎಂಬ ಚಿತ್ರಕಥೆಗಳೂ ‘ಅನಿಮೆ’ ಎಂಬ ಚಲಿಸುವ ಚಿತ್ರಗಳೂ ಈ ಲೋಕವನ್ನು ಮೊದಲು ಬೆರಗಿನಿಂದಲೇ ನೋಡಿದವು. 1982ರ ‘ಮ್ಯಾಕ್ರೋಸ್’ ಸರಣಿಯಲ್ಲಿ ಲಿನ್ ಮಿನ್ಮೇ ಎಂಬ ತರುಣಿಯ ಹಾಡು, ಯುದ್ಧವಲ್ಲದೆ ಬೇರೇನನ್ನೂ ಅರಿಯದ ಅನ್ಯಗ್ರಹದ ದೈತ್ಯರನ್ನು ಕದಲಿಸುತ್ತದೆ. ಮರುವರ್ಷದ ‘ಕ್ರೀಮಿ ಮಾಮಿ’ಯಲ್ಲಿ ಹತ್ತು ವರ್ಷದ ಬಾಲೆಯೊಬ್ಬಳು ಮಾಯಾದಂಡದಿಂದ ತರುಣಿಯಾಗಿ ಗಾಯಕಿಯಾಗುತ್ತಾಳೆ. ಆ ಪಾತ್ರಕ್ಕೆ ಧ್ವನಿ ನೀಡಿದ ಓತಾ ತಕಾಕೊ ಸ್ವತಃ ಹೊಸ ಐದೊರು. ಕಥೆಯೂ ವ್ಯಾಪಾರವೂ ಆಗಲೇ ಕೈಜೋಡಿಸಿದ್ದವು.

ಬೆರಗು ಕಳೆದು ಭಯ ಮೂಡಿದ್ದು ಕೋನ್ ಸಾತೊಶಿಯವರ ‘ಪರ್ಫೆಕ್ಟ್ ಬ್ಲೂ’ (1997) ಚಿತ್ರದಲ್ಲಿ. ಗಾಯನವನ್ನು ತೊರೆದು ನಟಿಯಾಗಹೊರಟ ಮಿಮಾಳಿಗೆ, ತನ್ನ ಹಿಂದಿನ ಐದೊರು ರೂಪವೇ ಎದುರು ನಿಂತು ‘ನಾನೇ ನಿಜವಾದ ಮಿಮಾ’ ಎಂದು ಸಾಧಿಸತೊಡಗುತ್ತದೆ. ವಿಗ್ರಹವು ಬದಲಾಗುವುದನ್ನು ಸಹಿಸದ ಭಕ್ತನು ಕೊಲೆಗೂ ಹೇಸನು. ಅಕಾಸಕಾ ಅಕಾ ಬರೆದು ಯೊಕೊಯಾರಿ ಮೆಂಗೊ ಚಿತ್ರಿಸಿದ ‘ಓಶಿ ನೊ ಕೊ’ (2020-2024) ಮಾಂಗಾದಲ್ಲಿಯೂ, ತಾಯ್ತನವನ್ನು ಬಚ್ಚಿಟ್ಟ ಗಾಯಕಿಯು ಅಭಿಮಾನಿಯ ಕೈಯಲ್ಲಿಯೇ ಹತಳಾಗುತ್ತಾಳೆ. ಸುಳ್ಳನ್ನೇ ಪ್ರೀತಿಯೆಂದು ಮಾರಬೇಕಾದ ವೃತ್ತಿಯ ವಿಚಾರಣೆಯದು.

ವಿದ್ಯಾಸಂಸ್ಥೆಯ ಈ ಸಂಪುಟದ ಓದುಗರಿಗೆ ಇನ್ನೊಂದು ಕೃತಿಯು ಹೆಚ್ಚು ಹತ್ತಿರವೆನಿಸೀತು. 2013ರಲ್ಲಿ ಪ್ರಸಾರಗೊಂಡ ‘ಲವ್ ಲೈವ್’ ಸರಣಿಯು ಆರಂಭವಾಗುವುದೇ ಒಂದು ಪ್ರಕಟಣೆಯಿಂದ: ಪ್ರವೇಶಾರ್ಥಿಗಳು ಸಾಲದಾದುದರಿಂದ ಶಾಲೆಯನ್ನು ಮುಚ್ಚಲಾಗುವುದು. ಇದು ಬರಿಯ ಕಲ್ಪನೆಯಲ್ಲ. ಜನನಪ್ರಮಾಣವು ಕುಸಿದ ಜಪಾನಿನಲ್ಲಿ ಪ್ರತಿವರ್ಷವೂ ಶಾಲೆಗಳು ಮುಚ್ಚುತ್ತಿವೆ. ಒಂಬತ್ತು ವಿದ್ಯಾರ್ಥಿನಿಯರು ದಣಿಗಳ ಹಂಗಿಲ್ಲದೆ, ಸಂಬಳವಿಲ್ಲದೆ, ಶಾಲೆಯ ಮಾಳಿಗೆಯ ಮೇಲೆ ಅಭ್ಯಾಸ ಮಾಡಿ, ಕಾಂದಾ ದೇವಾಲಯದ ಮೆಟ್ಟಿಲುಗಳನ್ನು ಓಡಿ ಹತ್ತಿ, ತಮ್ಮ ಹಾಡಿನಿಂದ ಹೊಸ ವಿದ್ಯಾರ್ಥಿನಿಯರನ್ನು ಆಕರ್ಷಿಸುತ್ತಾರೆ. ಅವರ ಮೊದಲ ಕಾರ್ಯಕ್ರಮದಲ್ಲಿ ತೆರೆ ಸರಿದಾಗ ಸಭಾಂಗಣವೇ ಬರಿದು. ಆದರೂ ಅವರು ಹಾಡುತ್ತಾರೆ. ಶಾಲೆ ಉಳಿಯುತ್ತದೆ. ಮಾರಾಟದ ವಸ್ತುವಾಗಿದ್ದ ಐದೊರು ಇಲ್ಲಿ ಸಂಸ್ಥೆಯ ಋಣ ತೀರಿಸುವ ಮಗಳಾಗಿದ್ದಾಳೆ. ಈ ಕೃತಿಯೂ ಮುದ್ರಿಕೆಗಳನ್ನು, ಗೊಂಬೆಗಳನ್ನು ಧಾರಾಳವಾಗಿ ಮಾರಿತೆಂಬುದನ್ನು ಮಾತ್ರ ಮರೆಯಲಾಗದು.

2016ರಲ್ಲಿ ಬಂದ ಇದರ ಮುಂದಿನ ಸರಣಿಯು ನುಮಾಜು ನಗರದ ಕಡಲತಡಿಯ ಪುಟ್ಟ ಶಾಲೆಯೊಂದನ್ನು ಕುರಿತದ್ದು. ನನ್ನ ಎಣಿಕೆಯಲ್ಲಿ ಅದೇ ಹೆಚ್ಚು ಪ್ರಾಮಾಣಿಕವಾದುದು. ಅಲ್ಲಿನ ಹುಡುಗಿಯರೂ ಅಷ್ಟೇ ಶ್ರಮಿಸುತ್ತಾರೆ, ರಾಷ್ಟ್ರಮಟ್ಟದ ಸ್ಪರ್ಧೆಯನ್ನೂ ಗೆಲ್ಲುತ್ತಾರೆ. ಆದರೆ ಪ್ರವೇಶಾರ್ಥಿಗಳ ಸಂಖ್ಯೆ ನಿಗದಿತ ಗುರಿಯನ್ನು ಮುಟ್ಟುವುದಿಲ್ಲ. ಕೊನೆಯ ದಿನ ವಿದ್ಯಾರ್ಥಿನಿಯರೆಲ್ಲ ಶಾಲೆಯ ಗೋಡೆಗಳ ಮೇಲೆ ಬಣ್ಣಬಣ್ಣದಲ್ಲಿ ತಮ್ಮ ವಿದಾಯದ ಮಾತುಗಳನ್ನು ಬರೆದು, ಹೆಬ್ಬಾಗಿಲನ್ನು ತಾವೇ ಎಳೆದು ಮುಚ್ಚುತ್ತಾರೆ.