ವಿಮಾನ ಕಟ್ಟುವ ಕಾಯಕ

ಪಾಲಿಬೆಟ್ಟವು ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವಣ ಊರು. ಈ ಜಿಲ್ಲೆಗೆ ರೈಲು ಮಾರ್ಗವಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಆದರೂ ಆಕಾಶವು ಕೊಡಗಿಗೆ ಅಪರಿಚಿತವಲ್ಲ. 1965ರ ಯುದ್ಧದಲ್ಲಿ ಶತ್ರುವಿನ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿ ವೀರಮರಣವನ್ನಪ್ಪಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ಈ ನೆಲದವರು. 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಲಾಯಿತು.

ವಿಮಾನ ಹಾರಿಸುವವರನ್ನು ಕೊಡಗು ಚೆನ್ನಾಗಿ ಬಲ್ಲದು. ಆದರೆ ಮಗನೋ ಮಗಳೋ ‘ನಾನು ವಿಮಾನ ಕಟ್ಟುವ ವಿದ್ಯೆ ಕಲಿಯುತ್ತೇನೆ’ ಎಂದಾಗ ಮನೆಯ ಹಿರಿಯರು ಚಿಂತೆಗೊಳಗಾಗುವುದುಂಟು. ಎಲ್ಲಿ ಓದಿಸಬೇಕು, ಖರ್ಚೆಷ್ಟು, ಓದಿದ ಮೇಲೆ ಉದ್ಯೋಗ ದೊರೆಯುವುದೇ ಎಂಬ ಪ್ರಶ್ನೆಗಳು ಸಹಜವೇ. ಕಾಫಿ ಫಸಲನ್ನೇ ನಂಬಿದ ಮನೆಗಳಿಗೂ ತಿಂಗಳ ಸಂಬಳದ ಮನೆಗಳಿಗೂ ಇದು ಹಗುರವಾದ ನಿರ್ಧಾರವಲ್ಲ.

ನಮ್ಮ ನಾಡಿನಲ್ಲಿ ಬೆಳೆದ ವಿದ್ಯೆ

ಈ ವಿದ್ಯೆಗಾಗಿ ಸಾಗರ ದಾಟಲೇಬೇಕೆಂದಿಲ್ಲ. ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಇಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನವು 1951ರಲ್ಲಿ ಹಾರಿತು. 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ‘ಆರ್ಯಭಟ’ ಉಪಗ್ರಹವು ಪೀಣ್ಯದ ಸಾಧಾರಣ ಶೆಡ್ಡುಗಳಲ್ಲಿ ಸಿದ್ಧವಾದುದು. ಅದರ ಹಿಂದಿದ್ದ ಪ್ರೊ. ಯು. ಆರ್. ರಾವ್ ಅವರು ಉಡುಪಿಯ ಬಳಿಯ ಅದಮಾರು ಗ್ರಾಮದಲ್ಲಿ ಜನಿಸಿದವರು.

ಶಾಖೆಯ ಹೆಸರಿಗೆ ಮಾರುಹೋಗಬಾರದು

ಇಲ್ಲಿ ಪಾಲಕರು ಗಮನಿಸಬೇಕಾದ ಒಂದು ಸಂಗತಿಯಿದೆ. ರಾವ್ ಅವರು ಓದಿದ್ದು ಭೌತಶಾಸ್ತ್ರ. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದ ರೊದ್ದಂ ನರಸಿಂಹ ಅವರು ಬೆಂಗಳೂರಿನಲ್ಲಿ ಮೊದಲು ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಪಡೆದು, ಆ ಬಳಿಕ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರವನ್ನು ಅಭ್ಯಸಿಸಿದರು. 2011ರಲ್ಲಿ ಜಿಸ್ಯಾಟ್-12 ಉಪಗ್ರಹದ ಯೋಜನಾ ನಿರ್ದೇಶಕಿಯಾಗಿದ್ದ ಟಿ. ಕೆ. ಅನುರಾಧಾ ಅವರು ಎಲೆಕ್ಟ್ರಾನಿಕ್ಸ್ ಪದವೀಧರೆ. ಇಸ್ರೋ ಸಂಸ್ಥೆಯು ಹೆಚ್ಚಾಗಿ ಆರಿಸಿಕೊಳ್ಳುವುದೂ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಶಾಖೆಗಳ ಪದವೀಧರರನ್ನೇ.

ಆದುದರಿಂದ ‘ಏರೋಸ್ಪೇಸ್’ ಎಂಬ ಹೆಸರೊಂದಕ್ಕಾಗಿ ತೋಟವನ್ನು ಅಡವಿಟ್ಟು, ಪ್ರಯೋಗಾಲಯವೂ ಅನುಭವಿ ಅಧ್ಯಾಪಕರೂ ಇಲ್ಲದ ಕಾಲೇಜಿನಲ್ಲಿ ಸೀಟು ಕೊಳ್ಳುವುದು ವಿವೇಕವಲ್ಲ. ಒಳ್ಳೆಯ ಕಾಲೇಜಿನಲ್ಲಿ ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಓದಿ, ಗೇಟ್ ಪರೀಕ್ಷೆ ಬರೆದು, ವಿಜ್ಞಾನ ಸಂಸ್ಥೆಯಲ್ಲೋ ಐಐಟಿಯಲ್ಲೋ ಈ ವಿಷಯದ ಸ್ನಾತಕೋತ್ತರ ಪದವಿಗೆ ಸೇರುವ ಮಾರ್ಗವು ಭದ್ರವಾದುದು. ಗೇಟ್ ಮೂಲಕ ಸೇರಿದವರಿಗೆ ಮಾಸಿಕ ವಿದ್ಯಾರ್ಥಿವೇತನವೂ ದೊರೆಯುತ್ತದೆ. ನಮ್ಮ ಮಠಗಳು ಕಟ್ಟಿದ ವಿದ್ಯಾಸಂಸ್ಥೆಗಳೂ ಈ ದಾರಿಯಲ್ಲಿ ಆಸರೆಯಾಗಬಲ್ಲವು. ಮೈಸೂರಿನ ಜಯಚಾಮರಾಜೇಂದ್ರ ಕಾಲೇಜು ಮತ್ತು ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ, ಇವೆರಡೂ 1963ರಲ್ಲಿ ಆರಂಭವಾದವು.

ಮೊದಲಿನಿಂದಲೇ ಈ ಶಾಖೆಯನ್ನು ಓದಬೇಕೆಂಬ ಹಂಬಲವಿದ್ದು, ಗಣಿತ-ಭೌತಶಾಸ್ತ್ರಗಳಲ್ಲಿ ಪ್ರತಿಭೆಯಿದ್ದವರಿಗೆ ಜೆಇಇ ಪರೀಕ್ಷೆಯ ಮೂಲಕ ಐಐಟಿಗಳಿವೆ. 2007ರಲ್ಲಿ ತಿರುವನಂತಪುರದಲ್ಲಿ ಸ್ಥಾಪನೆಯಾದ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೂ ಇದೆ. ಪದವಿ ಓದಿಸುವ ಅನುಕೂಲವಿಲ್ಲದ ಮನೆಗಳಿಗೂ ಬಾಗಿಲು ಮುಚ್ಚಿಲ್ಲ. ಎಚ್‌ಎಎಲ್ ಕಾರ್ಖಾನೆಯು ಫಿಟ್ಟರ್, ಟರ್ನರ್, ಮೆಷಿನಿಸ್ಟ್, ವೆಲ್ಡರ್ ಮುಂತಾದ ಐಟಿಐ ತರಬೇತಿ ಪಡೆದವರನ್ನು ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳುತ್ತದೆ.

ತಾಳ್ಮೆಯ ಕಾಯಕ

ಈ ವೃತ್ತಿಯಲ್ಲಿ ಫಲ ಬೇಗ ಕಾಣುವುದಿಲ್ಲ. ತೇಜಸ್ ಯುದ್ಧವಿಮಾನದ ಯೋಜನೆಗೆ 1983ರಲ್ಲಿ ಅನುಮತಿ ದೊರೆಯಿತು. ಅದು ಮೊದಲು ಹಾರಿದ್ದು 2001ರ ಜನವರಿ 4ರಂದು. ವಾಯುಸೇನೆಯ ದಳವನ್ನು ಸೇರಿದ್ದು 2016ರಲ್ಲಿ. ಯೋಜನೆಯ ಆರಂಭದಲ್ಲಿ ಕೆಲಸಕ್ಕೆ ಸೇರಿದ ಯುವಕನಿಗೆ ಅಷ್ಟರಲ್ಲಿ ನಿವೃತ್ತಿಯ ವಯಸ್ಸು ಸಮೀಪಿಸಿರುತ್ತದೆ. ಈ ವಿಮಾನಕ್ಕೆಂದೇ 1989ರಲ್ಲಿ ಕೈಗೊಂಡ ‘ಕಾವೇರಿ’ ಇಂಜಿನ್ ಅದಕ್ಕೆ ಒದಗಲಿಲ್ಲ. ಅಮೆರಿಕದ ಇಂಜಿನನ್ನೇ ಅಳವಡಿಸಬೇಕಾಯಿತು. ಜೆಟ್ ಇಂಜಿನ್ನಿನ ಒಳಗೆ ಉರಿಯುವ ಅನಿಲದ ಶಾಖವು ಅಲ್ಲಿ ತಿರುಗುವ ಲೋಹದ ಅಲಗುಗಳೇ ಕರಗಿಹೋಗುವಷ್ಟಿರುತ್ತದೆ. ಅಲಗುಗಳ ಒಳಗೆ ಸೂಕ್ಷ್ಮ ರಂಧ್ರಗಳನ್ನು ಕೊರೆದು, ಗಾಳಿ ಹಾಯಿಸಿ ಅವನ್ನು ಉಳಿಸಿಕೊಳ್ಳಬೇಕು. ಕೊಡಗಿನಲ್ಲಿ ಹುಟ್ಟಿದ ನದಿಯ ಹೆಸರು ಹೊತ್ತ ಆ ಇಂಜಿನ್ನಿನ ಕೆಲಸ ಇನ್ನೂ ಮುಗಿದಿಲ್ಲ. ಅದನ್ನು ಮುಂದುವರಿಸುವವರಲ್ಲಿ ಕೊಡಗಿನ ಮಕ್ಕಳೂ ಇರಬಾರದೇಕೆ?

ಶರಣರು ದೋಣಿ ನಡೆಸುವವನ, ಬಟ್ಟೆ ಮಡಿ ಮಾಡುವವನ, ಬುಟ್ಟಿ ಹೆಣೆಯುವವನ ಕೆಲಸಗಳಲ್ಲಿ ಮೇಲುಕೀಳೆಣಿಸಲಿಲ್ಲ. ಶ್ರದ್ಧೆಯನ್ನೇ ಮುಖ್ಯವಾಗಿ ಎಣಿಸಿದರು. ವಿಮಾನದಲ್ಲಿ ಒಂದು ತಿರುಪು ಸಡಿಲವಾದರೂ ಜೀವಕ್ಕೆ ಅಪಾಯ. ಆದ್ದರಿಂದ ಅಲ್ಲಿ ಫಿಟ್ಟರನ ಶ್ರದ್ಧೆಗೂ ಮುಖ್ಯ ವಿನ್ಯಾಸಕಾರನ ಶ್ರದ್ಧೆಗೂ ಬೆಲೆ ಒಂದೇ. ಪಾಲಕರು ಈ ಬಗೆಯ ಕಾಯಕಕ್ಕೆ ಮಕ್ಕಳ ಮನಸ್ಸು ಒಗ್ಗುವುದೇ ಎಂಬುದನ್ನು ಮೊದಲು ನೋಡಬೇಕು. ಒಗ್ಗುವುದಾದರೆ ಮಗ, ಮಗಳು ಎಂಬ ಭೇದವೆಣಿಸದೆ, ಸಾಲದ ಹೊರೆ ಹೊರದೆ ನಡೆಯಬಹುದಾದ ದಾರಿಯನ್ನು ಅವರೊಡನೆ ಕುಳಿತು ಆರಿಸಬೇಕು. ಪಿಯುಸಿಯ ಫಲಿತಾಂಶ ಬರುವ ಮುನ್ನವೇ ಮನೆಯಲ್ಲಿ ಈ ಮಾತುಕತೆ ನಡೆಯಲಿ.