ದಂತಸೇತು: ಒಂದು ಚಾರಿತ್ರಿಕ ವಿವೇಚನೆ

ಕ್ರಿ. ಪೂ. ೪೫೦ರ ಸುಮಾರಿಗೆ ರೋಮ್ ನಗರದಲ್ಲಿ ಹನ್ನೆರಡು ಫಲಕಗಳ ಮೇಲೆ ಬರೆಯಿಸಿ ಪ್ರಕಟಪಡಿಸಿದ ಕಾನೂನುಗಳಲ್ಲಿ, ಶವಸಂಸ್ಕಾರದ ಆಡಂಬರವನ್ನು ತಗ್ಗಿಸುವುದಕ್ಕಾಗಿ ವಿಧಿಸಿದ ಕೆಲವು ನಿಯಮಗಳಿವೆ. ಸತ್ತವರೊಡನೆ ಚಿನ್ನವನ್ನು ಸೇರಿಸಕೂಡದೆಂಬುದು ಅವುಗಳಲ್ಲಿ ಒಂದು. ಆದರೆ ಈ ನಿಯಮಕ್ಕೆ ಒಂದು ವಿನಾಯಿತಿಯುಂಟು. ಮೃತನ ಹಲ್ಲುಗಳನ್ನು ಚಿನ್ನದಿಂದ ಬಂಧಿಸಿದ್ದರೆ ಆ ಚಿನ್ನದ ಸಹಿತವಾಗಿಯೇ ಅವನನ್ನು ಹೂಳುವುದಾಗಲಿ ಸುಡುವುದಾಗಲಿ ಅಪರಾಧವಾಗದು. ಮೂಲ ಫಲಕಗಳು ಎಂದೋ ನಾಶವಾದುವು. ಸಿಸೆರೋ ತನ್ನ ಗ್ರಂಥವೊಂದರಲ್ಲಿ ಈ ಮಾತನ್ನು ಉದಾಹರಿಸಿದುದರಿಂದ ಇದು ನಮಗೆ ಉಳಿದು ಬಂದಿದೆ. ಜನರಲ್ಲಿ ಬಳಕೆಯೇ ಇಲ್ಲದ ವಸ್ತುವಿಗೆ ಶಾಸನಕರ್ತರು ವಿನಾಯಿತಿ ಕೊಡುವ ಶ್ರಮವನ್ನು ತೆಗೆದುಕೊಳ್ಳುವುದಿಲ್ಲ. ಆದಕಾರಣ ಅಂದಿನ ರೋಮಿನಲ್ಲಿ ಬಾಯೊಳಗೆ ಚಿನ್ನವನ್ನಿಟ್ಟುಕೊಂಡ ಜನರು ಸಾಕಷ್ಟು ಸಂಖ್ಯೆಯಲ್ಲಿದ್ದರೆಂದು ಊಹಿಸುವುದು ತಪ್ಪಾಗಲಾರದು.

ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಹಲ್ಲಿನ ವಿಚಾರವೇಕೆಂದು ವಾಚಕರು ಕೇಳಬಹುದು. ಈ ಲೇಖನಕ್ಕೆ ಪ್ರೇರಣೆ ವೈಯಕ್ತಿಕವಾದುದೆಂದು ಒಪ್ಪಿಕೊಳ್ಳುತ್ತೇನೆ. ಎರಡು ವರ್ಷಗಳ ಹಿಂದೆ ಸೈಕಲ್ಲಿನಿಂದ ಬಿದ್ದು ಮೇಲುದವಡೆಯ ಮುಂಭಾಗದ ಹಲ್ಲೊಂದನ್ನು ಕಳೆದುಕೊಂಡೆನು. ನಮ್ಮ ಪ್ರಾಚೀನ ವೈಯಾಕರಣರು ತ, ಥ, ದ, ಧ, ನಗಳನ್ನು ದಂತ್ಯವರ್ಣಗಳೆಂದೂ ವಕಾರವನ್ನು ದಂತ್ಯೋಷ್ಠ್ಯವೆಂದೂ ಏಕೆ ಕರೆದರೆಂಬುದು ಮರುದಿನದ ತರಗತಿಯಲ್ಲಿ ನನಗೆ ಮನವರಿಕೆಯಾಯಿತು. 'ದತ್ತಿ' ಎಂಬ ಪದವನ್ನು ಉಚ್ಚರಿಸಲಾರದ ಅಧ್ಯಾಪಕನು ಶಾಸನಗಳನ್ನು ಕುರಿತು ಪಾಠ ಹೇಳುವುದು ಹೇಗೆ? ದಂತವೈದ್ಯರು 'ಬ್ರಿಡ್ಜ್' ಕಟ್ಟಿಸಿಕೊಳ್ಳಬಹುದೆಂದರು; ಅದಕ್ಕಾಗಿ ಆಚೀಚೆಯ ಎರಡು ಹಲ್ಲುಗಳನ್ನು ಅರೆಯಬೇಕಾಗುವುದೆಂದೂ ಹೇಳಿದರು. ಆ ಎರಡೂ ಹಲ್ಲುಗಳು ಸಂಪೂರ್ಣ ಆರೋಗ್ಯವಾಗಿದ್ದುವು. ನಿರ್ಧಾರಕ್ಕೆ ಒಂದು ವಾರದ ಅವಕಾಶ ಬೇಡಿದೆನು. ಆ ವಾರ ಆರಂಭವಾದ ಓದು ಇಲ್ಲಿಗೆ ಬಂದು ಮುಟ್ಟಿದೆ.

ಸೇತುವೆ ಎಂಬ ಹೆಸರು ಕೇವಲ ಅಲಂಕಾರವಲ್ಲ. ಹೊಳೆಯ ಎರಡು ದಡಗಳಲ್ಲಿ ಕಲ್ಲುಕಟ್ಟಡದ ಆಧಾರಗಳನ್ನು ನಿಲ್ಲಿಸಿ ನಡುವೆ ತೊಲೆಯನ್ನು ಹಾಯಿಸುವಂತೆಯೇ ಇಲ್ಲಿಯೂ ಬಿದ್ದ ಹಲ್ಲಿನ ಎರಡು ಪಕ್ಕದ ಹಲ್ಲುಗಳನ್ನು ಆಧಾರವಾಗಿ ಮಾಡಿಕೊಳ್ಳುವರು. ಆಧಾರದ ಹಲ್ಲುಗಳನ್ನು ಸುತ್ತಲೂ ಅರೆದು ಕಿರಿದುಗೊಳಿಸಿ, ಅವುಗಳ ಮೇಲೆ ಟೊಪ್ಪಿಗೆಯಂತೆ ಕೂಡುವ ಎರಡು ಕವಚಗಳನ್ನು ಮಾಡಿ, ಅವೆರಡರ ನಡುವೆ ಕೃತಕ ದಂತವನ್ನು ಬೆಸೆದು, ಮೂರನ್ನೂ ಒಂದೇ ಖಂಡವಾಗಿ ಸಿಮೆಂಟಿನಿಂದ ಅಂಟಿಸಲಾಗುವುದು. ನಡುವಣ ಹಲ್ಲಿಗೆ ಬೇರಿಲ್ಲ; ಅದು ವಸಡನ್ನು ಸವರಿದಂತೆ ನಿಂತಿರುವುದು ಮಾತ್ರ. ಅದರ ಮೇಲೆ ಬೀಳುವ ಭಾರವೆಲ್ಲ ಅಕ್ಕಪಕ್ಕದ ಬೇರುಗಳ ಪಾಲಿಗೆ ಬರುವುದು.

ತೆರವನ್ನು ಹಾಗೆಯೇ ಬಿಟ್ಟರೇನು? ನೋಟದ ಮಾತಿರಲಿ, ಬಾಯೊಳಗಿನ ಹಲ್ಲುಗಳು ಗೋಡೆಯಲ್ಲಿ ಹುದುಗಿಸಿದ ಕಲ್ಲುಗಳಂತೆ ಅಚಲವಾದುವಲ್ಲ. ಎಡೆ ದೊರೆತರೆ ಪಕ್ಕದ ಹಲ್ಲು ಆ ಕಡೆಗೆ ವಾಲುವುದು. ಎದುರು ದವಡೆಯ ಹಲ್ಲು ತನಗೆ ತಡೆಯಿಲ್ಲದುದರಿಂದ ಮೆಲ್ಲಮೆಲ್ಲನೆ ಹೊರಚಾಚುವುದು. ಬೇರನ್ನು ಹಿಡಿದಿದ್ದ ಎಲುಬು ಕೆಲಸವಿಲ್ಲದೆ ಕರಗುತ್ತ ಹೋಗುವುದು. ಎಲ್ಲರಲ್ಲಿಯೂ ಇದು ಒಂದೇ ವೇಗದಲ್ಲಿ ನಡೆಯುವುದಿಲ್ಲ. ಹಿಂಭಾಗದ ದವಡೆಹಲ್ಲೊಂದನ್ನು ಕಳೆದುಕೊಂಡು ಏನನ್ನೂ ಮಾಡಿಸಿಕೊಳ್ಳದೆ ಸುಖವಾಗಿರುವವರೂ ಉಂಟು.

ಸೇತುವೆ ಎಷ್ಟು ಉದ್ದವಾಗಿರಬಹುದೆಂಬ ಪ್ರಶ್ನೆಗೆ ಭೌತಶಾಸ್ತ್ರದ ಉತ್ತರವಿದೆ. ಕಾಲುವೆಗೆ ಅಡ್ಡಲಾಗಿ ಹಲಗೆಯನ್ನಿಟ್ಟು ನಡೆದವರಿಗೆಲ್ಲ ಇದು ಅನುಭವದಿಂದ ತಿಳಿದದ್ದೇ. ಎರಡು ತುದಿಗಳಲ್ಲಿ ಆಧಾರವಿರುವ ತೊಲೆಯು ಒಂದೇ ಭಾರಕ್ಕೆ ಬಾಗುವ ಪ್ರಮಾಣವು ಅದರ ಉದ್ದದ ಘನವನ್ನು ಅನುಸರಿಸುವುದು. ಒಂದು ಹಲ್ಲಿನ ತೆರವಿಗೆ ಕಟ್ಟಿದ ಸೇತುವೆಯ ಬಾಗನ್ನು ೧ ಎಂದಿಟ್ಟುಕೊಂಡರೆ ಎರಡು ಹಲ್ಲಿನದು ೮, ಮೂರು ಹಲ್ಲಿನದು ೨೭. ತೊಲೆ ಬಾಗಿದಂತೆಲ್ಲ ಸಿಮೆಂಟು ಬಿರಿಯುವುದು, ಆಧಾರದ ಬೇರುಗಳು ನಲುಗುವುವು. ಆಧಾರದ ಹಲ್ಲುಗಳ ಬೇರಿನ ಮೇಲ್ಮೈ ಕಳೆದುಹೋದ ಹಲ್ಲುಗಳ ಬೇರಿನ ಮೇಲ್ಮೈಗಿಂತ ಕಡಿಮೆಯಿರಬಾರದೆಂದು ಆಂಟೆ ಎಂಬ ದಂತವೈದ್ಯನು ೧೯೨೬ರಲ್ಲಿ ಒಂದು ಸೂತ್ರವನ್ನು ಹೇಳಿದನು. ಇಂದು ಅದನ್ನು ಅಕ್ಷರಶಃ ಪಾಲಿಸುವವರು ಕಡಿಮೆ. ಆದರೂ ವಿದ್ಯಾರ್ಥಿಗಳಿಗೆ ಮೊದಲು ಕಲಿಸುವುದು ಅದನ್ನೇ.

ಈಗ ಮರಳಿ ಇಟಲಿಗೆ ಹೋಗೋಣ. ರೋಮನರಿಗಿಂತ ಮೊದಲು ಇಟಲಿಯ ನಡುನಾಡಿನಲ್ಲಿ ಪ್ರಬಲರಾಗಿದ್ದ ಎಟ್ರುಸ್ಕನರ ಗೋರಿಗಳಲ್ಲಿ ಕ್ರಿ. ಪೂ. ಏಳನೆಯ ಶತಮಾನದಿಂದೀಚಿನ ಹಲವು ದಂತಸೇತುಗಳು ದೊರೆತಿವೆ. ಶುದ್ಧ ಚಿನ್ನದ ತೆಳುವಾದ ಪಟ್ಟಿಯನ್ನು ಉಂಗುರಗಳಂತೆ ಬಳಸಿ ಆಚೀಚೆಯ ಹಲ್ಲುಗಳಿಗೆ ತೊಡಿಸಿ, ನಡುವಣ ಉಂಗುರದಲ್ಲಿ ಬೇರು ಕತ್ತರಿಸಿದ ಮನುಷ್ಯದಂತವನ್ನೋ ಎತ್ತಿನ ಹಲ್ಲನ್ನು ಕೊರೆದು ಮಾಡಿದ ನಕಲನ್ನೋ ಇಟ್ಟು, ಸಣ್ಣ ಚಿನ್ನದ ಮೊಳೆಯಿಂದ ಬಿಗಿದಿರುವರು. ಒಂದೆಡೆ ಎತ್ತಿನ ಒಂದೇ ಹಲ್ಲಿಗೆ ನಡುವೆ ಗೀರು ಕೊರೆದು ಎರಡು ಹಲ್ಲುಗಳೆಂದು ತೋರುವಂತೆ ಮಾಡಿದ್ದಾರೆ. ಇದು ವೈದ್ಯನ ಕೆಲಸವೆನ್ನುವುದಕ್ಕಿಂತ ಅಕ್ಕಸಾಲಿಯ ಕೆಲಸವೆನ್ನಬೇಕು.

ಬಹುಕಾಲ ಈ ವಸ್ತುಗಳನ್ನು ಪ್ರಾಚೀನ ದಂತವೈದ್ಯದ ವಿಜಯಸ್ತಂಭಗಳೆಂದು ವರ್ಣಿಸುವುದು ವಾಡಿಕೆಯಾಗಿತ್ತು. ಆದರೆ ಮಾರ್ಷಲ್ ಬೆಕರ್ ಮತ್ತು ಜೀನ್ ಟರ್ಫಾ ಎಂಬ ವಿದ್ವಾಂಸರು ೨೦೧೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದೊಂದು ವಸ್ತುವನ್ನೂ ಪರೀಕ್ಷಿಸಿ ಬೇರೆಯೇ ಅಭಿಪ್ರಾಯಕ್ಕೆ ಬಂದಿದ್ದಾರೆ. ಇವನ್ನು ಧರಿಸಿದವರು ಸ್ತ್ರೀಯರು, ಶ್ರೀಮಂತ ಮನೆತನದವರು. ಕಟ್ಟಿದ್ದೆಲ್ಲವೂ ನಕ್ಕರೆ ಕಾಣುವ ಮುಂಭಾಗದ ಹಲ್ಲುಗಳಿಗೆ. ಸಾಮಾನ್ಯವಾಗಿ ಮೊದಲು ಕೆಟ್ಟುಬೀಳುವುದು ಹಿಂಭಾಗದ ಹಲ್ಲು. ಮುಂದಿನವು ಬಿದ್ದುದು ರೋಗದಿಂದಲ್ಲ, ಚಿನ್ನವನ್ನು ತೊಡುವುದಕ್ಕಾಗಿ ಕೆಲವರು ಬೇಕೆಂದೇ ಕೀಳಿಸಿಕೊಂಡಿರಬಹುದು ಎಂಬುದು ಅವರ ವಾದ. ಮುಖ್ಯವಾದ ಒಂದು ಅಂಶ ಈ ವಾದವನ್ನು ಪುಷ್ಟಿಗೊಳಿಸುತ್ತದೆ: ಶುದ್ಧ ಚಿನ್ನ ಮೃದು, ಗಟ್ಟಿ ಪದಾರ್ಥವನ್ನು ಕಚ್ಚುವ ಬಲವನ್ನು ಅಂಥ ತೆಳುಪಟ್ಟಿ ಬಹುದಿನ ತಾಳಲಾರದು. ಬೇಕೆಂದೇ ಕೀಳಿಸಿಕೊಂಡರೆಂಬುದಕ್ಕೆ ಇರುವ ಆಧಾರ ಸಾಲದೆಂದು ನನಗೆ ತೋರುತ್ತದೆ. ಆದರೆ ಇವು ಪ್ರಧಾನವಾಗಿ ಆಭರಣಗಳೆಂಬ ಮಾತನ್ನು ಅಲ್ಲಗಳೆಯುವುದು ಕಷ್ಟ. ಲೆಬನಾನಿನ ಸೀದೋನ್ ಪಟ್ಟಣದ ಶ್ಮಶಾನದಲ್ಲಿ ೧೮೬೨ರಲ್ಲಿ ದೊರೆತ, ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಫಿನಿಷಿಯನ್ ದವಡೆಯ ಮಾದರಿ ಇದಕ್ಕಿಂತ ಭಿನ್ನ. ಅಲ್ಲಿ ಪಟ್ಟಿಯಿಲ್ಲ, ಚಿನ್ನದ ತಂತಿಯಿಂದ ಹಲ್ಲುಗಳನ್ನು ಹೆಣೆದು, ಕಳೆದುಹೋದ ಎರಡರ ಸ್ಥಾನದಲ್ಲಿ ಬೇರೆ ಎರಡನ್ನು ಸೇರಿಸಿ ಕಟ್ಟಿದ್ದಾರೆ. ಅಲುಗುವ ಹಲ್ಲನ್ನು ಉಳಿಸಿಕೊಳ್ಳುವ ಪ್ರಯತ್ನ ಇಲ್ಲಿ ಸ್ಪಷ್ಟ.

ಇಂಥ ಸಂದರ್ಭದಲ್ಲಿ ನಮ್ಮ ದೇಶದಲ್ಲಿಯೂ ಇದೆಲ್ಲ ಇದ್ದಿತೆಂದು ಹೇಳುವ ಆಸೆ ಸಹಜ. ಸುಶ್ರುತ ಸಂಹಿತೆ ಮುಖರೋಗಗಳನ್ನು ೬೫ ಎಂದೆಣಿಸಿ ಹಲ್ಲು ವಸಡುಗಳ ರೋಗಗಳನ್ನು ವಿಸ್ತಾರವಾಗಿ ವಿವರಿಸುವುದು. ಮೇಲುದವಡೆಯ ಹಲ್ಲು ಅಲುಗುತ್ತಿದ್ದರೂ ಅದನ್ನು ಕೀಳಬಾರದೆಂದು ಎಚ್ಚರಿಸುವುದು. ಆದರೆ ಬಿದ್ದ ಹಲ್ಲಿನ ಎಡೆಯಲ್ಲಿ ಬೇರೊಂದನ್ನು ಕಟ್ಟುವ ವಿಧಾನ ಅದರಲ್ಲಿಲ್ಲ. ಇಲ್ಲದುದನ್ನು ಇದೆಯೆನ್ನುವುದರಿಂದ ಸುಶ್ರುತನ ಗೌರವವೇನೂ ಹೆಚ್ಚದು. ಅಂಥ ವಿವರಣೆಯನ್ನು ಕಾಣಬೇಕಾದರೆ ಸ್ಪೇನಿನ ಕಾರ್ಡೋವಾದ ಅಲ್-ಜಹ್ರಾವಿಯ ಕಾಲಕ್ಕೆ, ಎಂದರೆ ಕ್ರಿ. ಶ. ೧೦೦೦ದ ಸುಮಾರಿಗೆ, ಬರಬೇಕು. ಅಲುಗುವ ಹಲ್ಲುಗಳನ್ನು ಚಿನ್ನದ ತಂತಿಯಿಂದ ಹೆಣೆಯುವ ಕ್ರಮವನ್ನೂ, ಎತ್ತಿನ ಎಲುಬಿನಿಂದ ಹಲ್ಲನ್ನು ಕೆತ್ತಿ ಕೂಡಿಸುವುದನ್ನೂ, ಬೆಳ್ಳಿ ಕಿಲುಬುವುದರಿಂದ ಚಿನ್ನವೇ ಲೇಸೆಂಬುದನ್ನೂ ಆತನು ಬರೆದಿದ್ದಾನೆ.

ಯೂರೋಪಿನಲ್ಲಿ ಈ ವಿದ್ಯೆಯನ್ನು ಶಾಸ್ತ್ರದ ಮಟ್ಟಕ್ಕೇರಿಸಿದವನು ೧೭೨೮ರಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದ ಫ್ರೆಂಚ್ ದಂತವೈದ್ಯ ಪಿಯೆರ್ ಫೋಷಾರ್. ಆದರೆ ಅವನ ಕಾಲದಿಂದಾಚೆಗೆ ಎದ್ದು ನಿಂತ ಪ್ರಶ್ನೆ ಕೌಶಲದ್ದಲ್ಲ, ವಸ್ತುವಿನದು. ಹಲ್ಲನ್ನು ಯಾವುದರಿಂದ ಮಾಡಬೇಕು? ನೀರಾನೆಯ ದಂತವನ್ನು ಕೆತ್ತುತ್ತಿದ್ದರು. ಅದು ಬಾಯಲ್ಲಿ ಕೊಳೆತು ನಾರುತ್ತಿತ್ತು. ಮನುಷ್ಯನ ಹಲ್ಲಿಗೆ ಮನುಷ್ಯನ ಹಲ್ಲೇ ಸಾಟಿಯೆಂದು ಎಲ್ಲರೂ ಒಪ್ಪಿದ್ದರು. ಹಾಗಾದರೆ ಯಾರ ಹಲ್ಲು?

ಶಸ್ತ್ರವೈದ್ಯರಲ್ಲಿ ಪ್ರಸಿದ್ಧನಾದ ಜಾನ್ ಹಂಟರನು ಹಲ್ಲುಗಳನ್ನು ಕುರಿತ ತನ್ನ ಗ್ರಂಥವನ್ನು ೧೭೭೧ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಮನುಷ್ಯದಂತವೊಂದನ್ನು ಹುಂಜದ ಜುಟ್ಟಿನಲ್ಲಿ ನಾಟಿ ಅದು ಅಂಟಿಕೊಂಡಿತೆಂದು ತೋರಿಸಿದವನೂ ಅವನೇ. ಒಬ್ಬರ ಬಾಯಿಂದ ಆಗತಾನೆ ಕಿತ್ತ ಹಲ್ಲನ್ನು ಇನ್ನೊಬ್ಬರ ಬಾಯಲ್ಲಿ ನೆಡಬಹುದೆಂದು ಅವನು ಬೋಧಿಸಿದನು; ಒಂದು ಹೊಂದದಿದ್ದರೆ ಇನ್ನೊಂದನ್ನು ನೋಡಬಹುದಾದುದರಿಂದ ಕೊಡುವವರು ಹಲವರನ್ನು ಸಿದ್ಧವಾಗಿ ಕೂರಿಸಿಕೊಳ್ಳಬೇಕೆಂದು ಸಲಹೆಯನ್ನೂ ಕೊಟ್ಟನು. ಈ 'ಕೊಡುವವರು' ಯಾರೆಂಬುದನ್ನು ಥಾಮಸ್ ರೋಲೆಂಡ್‌ಸನ್ನನು ೧೭೮೭ರ ವ್ಯಂಗ್ಯಚಿತ್ರದಲ್ಲಿ ಬರೆದು ತೋರಿಸಿದ್ದಾನೆ. ಹೊಗೆಗೂಡು ಗುಡಿಸುವ ಹುಡುಗನ ಹಲ್ಲನ್ನು ವೈದ್ಯನು ಕೀಳುತ್ತಿದ್ದಾನೆ. ಪಕ್ಕದಲ್ಲಿ ಸಿಂಗರಿಸಿಕೊಂಡ ಶ್ರೀಮಂತೆ ಕಾದು ಕುಳಿತಿದ್ದಾಳೆ. ಹಲ್ಲು ಮಾರಿದ ಬಡ ಮಕ್ಕಳು ದವಡೆ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದಾರೆ. ನೆಟ್ಟ ಹಲ್ಲುಗಳು ಬಹುಕಾಲ ನಿಲ್ಲುತ್ತಿರಲಿಲ್ಲ. ಅವುಗಳೊಡನೆ ರೋಗಗಳು ಬರುವುವೆಂಬ ಭಯವೂ ಹಬ್ಬಿತು.

ಅಮೆರಿಕದ ಜಾರ್ಜ್ ವಾಷಿಂಗ್‌ಟನ್ನನ ಮನೆಯ ಲೆಕ್ಕದ ಪುಸ್ತಕದಲ್ಲಿ ೧೭೮೪ರ ಮೇ ತಿಂಗಳಿನ ಒಂದು ಬಾಬಿದೆ. ೯ ಹಲ್ಲುಗಳಿಗಾಗಿ ನೀಗ್ರೋಗಳಿಗೆ ೬ ಪೌಂಡು ೨ ಷಿಲಿಂಗು ಕೊಟ್ಟುದು ಅದರಲ್ಲಿ ನಮೂದಾಗಿದೆ. ಅವನನ್ನು ಚಿಕಿತ್ಸೆ ಮಾಡುತ್ತಿದ್ದ ಫ್ರೆಂಚ್ ದಂತವೈದ್ಯನ ಲೆಕ್ಕಕ್ಕೆ ಆ ಹಣ ಸಂದಿದೆ. ಆ ವೈದ್ಯನು ಪತ್ರಿಕೆಗಳಲ್ಲಿ ಪ್ರಕಟಿಸಿದ ಜಾಹೀರಾತಿನಲ್ಲಿ ಮುಂಭಾಗದ ಹಲ್ಲೊಂದಕ್ಕೆ ಎರಡು ಗಿನಿ, ಎಂದರೆ ೪೨ ಷಿಲಿಂಗು, ಕೊಡುವುದಾಗಿ ಸಾರಿದ್ದನು. ಮೇಲಿನ ಬಾಬಿನಲ್ಲಿ ಹಲ್ಲೊಂದಕ್ಕೆ ಬೀಳುವುದು ಸುಮಾರು ಹದಿಮೂರುವರೆ ಷಿಲಿಂಗು. ಮೂರನೆಯ ಒಂದು ಪಾಲಿಗೂ ಕಡಿಮೆ. ಆ ಹಲ್ಲುಗಳು ವಾಷಿಂಗ್‌ಟನ್ನನ ಬಾಯಿಗೇ ಸೇರಿದುವೆಂದು ಲೆಕ್ಕ ಹೇಳುವುದಿಲ್ಲ. ಗುಲಾಮನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವಿತ್ತೆ ಎಂಬುದನ್ನೂ ಲೆಕ್ಕ ಹೇಳುವುದಿಲ್ಲ. ಇತಿಹಾಸದ ವಿದ್ಯಾರ್ಥಿಗಳು ಒಂದು ಸಾಲಿನ ದಾಖಲೆಯನ್ನು ಹೇಗೆ ಓದಬೇಕೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಅಭ್ಯಾಸವನ್ನು ನಾನರಿಯೆನು. ೧೮೧೫ರಲ್ಲಿ ವಾಟರ್ಲೂ ರಣಭೂಮಿಯಲ್ಲಿ ಸತ್ತ ತರುಣ ಸೈನಿಕರ ಹಲ್ಲುಗಳೂ ಇಂಗ್ಲೆಂಡಿನ ಪೇಟೆಗೆ ಬಂದುವು. 'ವಾಟರ್ಲೂ ಹಲ್ಲು' ಎಂಬ ಮಾತು ಇಂದಿಗೂ ಉಳಿದಿದೆ.

ಈ ವ್ಯಾಪಾರವನ್ನು ನಿಲ್ಲಿಸಿದುದು ದಯೆಯಲ್ಲ, ಪಿಂಗಾಣಿ. ತನ್ನ ಕಟ್ಟುಹಲ್ಲಿನ ದುರ್ವಾಸನೆಯನ್ನು ತಾಳಲಾರದೆ ಡ್ಯುಷಾಟೋ ಎಂಬ ಫ್ರೆಂಚ್ ಔಷಧಿಕಾರನು ೧೭೭೪ರಲ್ಲಿ ಪಿಂಗಾಣಿಯ ಹಲ್ಲನ್ನು ಪ್ರಯತ್ನಿಸಿದನು; ಡ್ಯುಬ್ವಾ ದ ಶೆಮಾನನು ಅದನ್ನು ಸುಧಾರಿಸಿದನು; ೧೮೦೮ರಲ್ಲಿ ಫೋಂಜಿಯು ಬಿಡಿಬಿಡಿಯಾದ ಪಿಂಗಾಣಿ ಹಲ್ಲುಗಳನ್ನು ಪ್ಲಾಟಿನಂ ಕೊಂಡಿಗಳ ಸಹಿತ ಮಾಡಿದನು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದಲ್ಲಿ ಚಿನ್ನದ ಕವಚಗಳು ಬಳಕೆಗೆ ಬಂದ ಮೇಲೆ ಇಂದಿನ ಅರ್ಥದ ಸೇತುವೆ ಸಾಧ್ಯವಾಯಿತು.

ಉಳಿದ ಕೊರತೆ ಅಳತೆಯದು. ಕವಚವು ಹಲ್ಲಿಗೆ ಕೂದಲೆಳೆಯಷ್ಟು ಸಡಿಲವಾದರೂ ಸಂದಿನಲ್ಲಿ ಹುಳುಕು ಸೇರುವುದು. ವಿಲಿಯಂ ಟ್ಯಾಗರ್ಟನು ೧೯೦೭ರಲ್ಲಿ ನ್ಯೂಯಾರ್ಕಿನಲ್ಲಿ ತೋರಿಸಿದ ಉಪಾಯ ಹೀಗಿದೆ: ಮೊದಲು ಮೇಣದಲ್ಲಿ ಆಕಾರವನ್ನು ರೂಪಿಸುವುದು, ಅದರ ಸುತ್ತ ಗಾರೆಯಂಥ ಪದಾರ್ಥವನ್ನು ಎರೆದು ಗಟ್ಟಿಮಾಡುವುದು, ಕಾಯಿಸಿ ಮೇಣವನ್ನು ಹೊರಗಳೆದು ಆ ಬರಿದಾದ ಎಡೆಗೆ ಕರಗಿದ ಚಿನ್ನವನ್ನು ಒತ್ತಡದಿಂದ ನುಗ್ಗಿಸುವುದು. ವಾಚಕರಲ್ಲಿ ಅನೇಕರು ಈಗಾಗಲೇ ಗುರುತಿಸಿರಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಲೋಹದ ವಿಗ್ರಹಗಳನ್ನು ಎರೆಯಲು ಹೇಳಿರುವ ಕ್ರಮ ಇದೇ. ಮೇಣದ ತೂಕಕ್ಕೆ ಯಾವ ಲೋಹ ಎಷ್ಟು ಪಾಲು ಬೇಕೆಂಬ ಲೆಕ್ಕವನ್ನೂ ಅಲ್ಲಿ ಕೊಟ್ಟಿದೆ. ಟ್ಯಾಗರ್ಟನು ಮಾನಸೋಲ್ಲಾಸವನ್ನು ಓದಿದ್ದನೆಂದು ನಾನು ಹೇಳುತ್ತಿಲ್ಲ. ಮೇಣದ ಎರಕ ಹಲವು ದೇಶಗಳ ಪುರಾತನ ವಿದ್ಯೆ. ಅವನು ಪಡೆದ ಪೇಟೆಂಟು ಕೂಡ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಅಯೋವಾ ಪ್ರಾಂತದ ಫಿಲ್‌ಬ್ರೂಕ್ ಎಂಬ ದಂತವೈದ್ಯನು ೧೮೯೭ರಲ್ಲಿಯೇ ಇದನ್ನು ವಿವರಿಸಿದ್ದನೆಂದು ತಿಳಿದುಬಂದಿತು.

ಆರೋಗ್ಯವಾದ ಹಲ್ಲನ್ನು ಅರೆಯಬೇಕೆ ಎಂಬ ನನ್ನ ಪ್ರಶ್ನೆಗೆ ಉತ್ತರ ಹುಟ್ಟಿದುದು ೧೯೫೫ರಲ್ಲಿ. ಆ ವರ್ಷ ಮೈಕೆಲ್ ಬ್ಯುಯೊನೊಕೋರನು ಹಲ್ಲಿನ ಹೊರಪದರವನ್ನು ಫಾಸ್ಫಾರಿಕ್ ಆಮ್ಲದಿಂದ ಸವರಿದರೆ ಅದು ಸೂಕ್ಷ್ಮವಾಗಿ ತರಿತರಿಯಾಗಿ ಅಂಟನ್ನು ಭದ್ರವಾಗಿ ಹಿಡಿಯುವುದೆಂದು ತೋರಿಸಿದನು. ೧೯೭೩ರಲ್ಲಿ ರೋಷೆಟ್ ಎಂಬಾತನು ರಂಧ್ರಗಳುಳ್ಳ ಲೋಹದ ತಗಡನ್ನು ಹಲ್ಲಿನ ಹಿಂಬದಿಗೆ ಹೀಗೆ ಅಂಟಿಸಿದನು. ಎಂಬತ್ತರ ದಶಕದಲ್ಲಿ ಮೇರಿಲೆಂಡ್ ವಿಶ್ವವಿದ್ಯಾನಿಲಯದವರು ಆ ಮಾರ್ಗವನ್ನು ಮುಂದುವರಿಸಿದರು. ಕೃತಕ ದಂತಕ್ಕೆ ಹಿಂಬದಿಯಲ್ಲಿ ರೆಕ್ಕೆಯಂಥ ತೆಳು ಚಾಚು. ಪಕ್ಕದ ಹಲ್ಲನ್ನು ಬಹುಮಟ್ಟಿಗೆ ಮುಟ್ಟದೆಯೇ ಅದರ ಬೆನ್ನಿಗೆ ಅಂಟಿಸಲಾಗುವುದು. ಇನ್ನೊಂದು ಮಾರ್ಗ ಸ್ವೀಡನ್ನಿನ ಬ್ರೊನೆಮಾರ್ಕನದು. ಟೈಟಾನಿಯಂ ಲೋಹದೊಡನೆ ಎಲುಬು ಬೆಸೆದುಕೊಳ್ಳುವುದನ್ನು ಮೊಲಗಳಲ್ಲಿ ಕಂಡ ಅವನು ೧೯೬೫ರಲ್ಲಿ ಮೊದಲ ರೋಗಿಯ ದವಡೆಯಲ್ಲಿ ಲೋಹದ ಬೇರುಗಳನ್ನು ನೆಟ್ಟನು. ಅಕ್ಕಪಕ್ಕದ ಹಲ್ಲುಗಳ ಹಂಗು ಅದಕ್ಕೆ ಬೇಕಿಲ್ಲ. ಆದರೆ ಶಸ್ತ್ರಚಿಕಿತ್ಸೆ, ಸಾಕಷ್ಟು ಎಲುಬು, ಹೆಚ್ಚಿನ ಹಣ, ತಿಂಗಳುಗಟ್ಟಲೆ ಕಾಯುವಿಕೆ ಬೇಕು. ಪಕ್ಕದ ಹಲ್ಲುಗಳು ಮೊದಲೇ ಕೆಟ್ಟು ಕವಚವನ್ನು ಬೇಡುತ್ತಿದ್ದರೆ ಹಳೆಯ ರೀತಿಯ ಸೇತುವೆಯೇ ಈಗಲೂ ಯುಕ್ತ.

ಮುಂಭಾಗದ ಒಂದೇ ಹಲ್ಲಿನ ತೆರವಿಗೆ, ಆಚೀಚೆಯವು ಆರೋಗ್ಯವಾಗಿರುವಾಗ, ಒಂದೇ ರೆಕ್ಕೆಯ ಅಂಟುಸೇತುವೆ ಎರಡು ರೆಕ್ಕೆಯದಕ್ಕಿಂತ ಲೇಸೆಂದು ಇಂದಿನ ವೈದ್ಯರಲ್ಲಿ ಹಲವರ ಅಭಿಪ್ರಾಯ. ಎರಡು ಹಲ್ಲುಗಳು ಬೇರೆ ಬೇರೆಯಾಗಿ ಅಲುಗುವುದರಿಂದ ಒಂದು ಕಡೆಯ ಅಂಟು ಬಿಟ್ಟು, ಅದು ತಿಳಿಯದೆಯೇ ಒಳಗೆ ಹುಳುಕು ಹಿಡಿಯುವ ಅಪಾಯವಿದೆ. ಒಂದೇ ರೆಕ್ಕೆಯಾದರೆ ಅಂಟು ಬಿಟ್ಟೊಡನೆ ಹಲ್ಲು ಕೈಗೆ ಬರುವುದು. ನಾನು ಅದನ್ನೇ ಕಟ್ಟಿಸಿಕೊಂಡೆನು. ದಿನವೂ ರಾತ್ರಿ ಅದರ ಕೆಳಗೆ ದಾರವನ್ನು ಹಾಯಿಸಿ ಶುಚಿಮಾಡಬೇಕು. ಆ ಹಲ್ಲಿನಿಂದ ಕಬ್ಬನ್ನು ಸೀಳುವಂತಿಲ್ಲ. 'ದತ್ತಿ' ಎಂಬ ಪದ ಮಾತ್ರ ಈಗ ಸ್ಫುಟವಾಗಿ ಬರುತ್ತಿದೆ.