ಬಸ್ಸು ನಿಂತರೂ ರಸ್ತೆ ಇರುತ್ತೆ, ಸರ್ವರ್ ನಿಂತರೆ?

ಆಷಾಢದ ಒಂದು ಸಂಜೆ. ಹೊಸನಗರ ತಾಲ್ಲೂಕಿನ ಯಾವುದೋ ಒಂದು ಹಳ್ಳಿ ಅಂತಿಟ್ಕೊಳ್ಳಿ. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಇನ್ವರ್ಟರ್ ಬೆಳಕು. ಕಾಲೇಜು ಓದುವ ಮಗ ಟಿವಿ ಮುಂದೆ ಕೂತಿದ್ದಾನೆ. ಕೈಯಲ್ಲಿ ಕಂಟ್ರೋಲರ್ ಇದೆ. ಆದರೆ ಪರದೆ ಮೇಲೆ ಕಾರೂ ಇಲ್ಲ, ರಸ್ತೆಯೂ ಇಲ್ಲ. ಸರ್ವರ್ ಸಂಪರ್ಕ ಸಿಗುತ್ತಿಲ್ಲ ಅನ್ನೋ ಒಂದು ಸಾಲು ಮಾತ್ರ. ಎಲ್ಲೋ ಮರ ಬಿದ್ದು ಕೇಬಲ್ ತುಂಡಾಗಿದೆ. ಅಡಿಕೆ ಮಾರಿದ ದುಡ್ಡಲ್ಲಿ ಐದು ಸಾವಿರದ ಹತ್ತಿರ ಕೊಟ್ಟು ಆ ಗೇಮ್ ಕೊಡಿಸಿದ ಅಪ್ಪಯ್ಯ ಕೇಳ್ತಾರೆ: “ಅಲ್ವೋ, ಆಡೋನು ನೀನೊಬ್ಬನೇ. ಕಾರು ಪೆಟ್ಟಿಗೆ ಒಳಗೇ ಇದೆ. ಅದನ್ನ ಓಡಿಸೋಕೆ ಜಪಾನಿನವರ ಅಪ್ಪಣೆ ಯಾಕೋ ಬೇಕು?”

ಗೇಮ್ ಅಂದ್ರೇನು ಅಂತ ಗೊತ್ತಿಲ್ಲದ ಅಪ್ಪಯ್ಯ ಕೇಳಿದ ಈ ಪ್ರಶ್ನೆ ಇದೆಯಲ್ಲ, ಇಡೀ ಜಗತ್ತಿನ ರೇಸಿಂಗ್ ಗೇಮ್ ಅಭಿಮಾನಿಗಳು ಇವತ್ತು ಕೇಳ್ತಿರೋದು ಇದನ್ನೇ. ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೇ ಇದ್ದಿದ್ದಕ್ಕೇ ಇಪ್ಪತ್ತು ವರ್ಷದ ಅಭಿಮಾನ ಬಿಟ್ಟು ಈ ಪಾಳಯದವರು ಆ ಪಾಳಯಕ್ಕೆ ಜಿಗಿದದ್ದೂ ಉಂಟು. ಸ್ವಲ್ಪ ಬಿಡಿಸಿ ಹೇಳ್ತೀನಿ, ಕೇಳಿ.

ಮೊದಲು ಒಂದು ಗೊಂದಲ ಪರಿಹಾರ ಆಗಬೇಕು. ಸೈಬರ್ ಕೆಫೆ ಕಾಲದಲ್ಲಿ ರೋಡ್ ರಾಶ್, ನೀಡ್ ಫಾರ್ ಸ್ಪೀಡ್ ಆಡಿದವರು ಎಲ್ಲ ಊರಲ್ಲೂ ಇದ್ದಾರೆ. ಅದು ಬೇರೆ, ಇದು ಬೇರೆ. ಅಲ್ಲಿ ಬಟನ್ ಒತ್ತಿ ಹಿಡಿದರೆ ಗಾಡಿ ಓಡುತ್ತೆ, ಗೋಡೆಗೆ ಗುದ್ದಿದರೆ ಮತ್ತೆ ಎದ್ದು ಓಡುತ್ತೆ. ಸಿಮ್ಯುಲೇಶನ್ ಅಂದರೆ ನಿಜವಾದ ಗಾಡಿ ಹೇಗೆ ನಡೆದುಕೊಳ್ಳುತ್ತೋ ಹಾಗೇ ನಡೆದುಕೊಳ್ಳುವಂತೆ ಲೆಕ್ಕ ಹಾಕಿ ಮಾಡಿದ್ದು.

ಆಗುಂಬೆ ಘಾಟಿ ಇಳಿಸುವ ಮಿನಿ ಬಸ್ಸಿನ ಡ್ರೈವರ್‌ನ ಒಮ್ಮೆ ಗಮನಿಸಿ. ತಿರುವಿನ ಒಳಗೆ ಹೋದ ಮೇಲೆ ಆತ ಬ್ರೇಕ್ ಮೇಲೆ ನಿಲ್ಲೋದಿಲ್ಲ. ತಿರುವು ಬರೋ ಮೊದಲೇ ವೇಗ ಇಳಿಸ್ತಾನೆ, ಆಮೇಲೆ ತಿರುಗಿಸ್ತಾನೆ. ಯಾಕೆ? ಟೈರಿಗೆ ಇರೋ ಹಿಡಿತಕ್ಕೊಂದು ಮಿತಿ ಇದೆ. ಬ್ರೇಕಿಗೂ ಅದರಲ್ಲೇ ಪಾಲು ಕೊಡಬೇಕು, ಸ್ಟೀರಿಂಗಿಗೂ ಅದರಲ್ಲೇ ಕೊಡಬೇಕು. ಪೂರ್ತಿ ಬ್ರೇಕಿಗೇ ಕೊಟ್ಟರೆ ತಿರುಗೋದಕ್ಕೆ ಏನೂ ಉಳಿಯೋದಿಲ್ಲ, ಗಾಡಿ ನೆಟ್ಟಗೆ ಹೋಗಿ ತಡೆಗೋಡೆಗೆ ಬಡಿಯುತ್ತೆ. ಬ್ರೇಕ್ ಹಾಕಿದಾಗ ಭಾರ ಮುಂದಿನ ಚಕ್ರಕ್ಕೆ ಬೀಳುತ್ತೆ, ಹಿಂದಿನ ಚಕ್ರ ಹಗುರ ಆಗುತ್ತೆ. ರಸ್ತೆ ಒದ್ದೆಯಾದರೆ ಇರೋ ಹಿಡಿತವೂ ಕಡಿಮೆ. ಒಳ್ಳೆ ಸಿಮ್ಯುಲೇಶನ್ ಗೇಮು ಈ ಲೆಕ್ಕವನ್ನ ಪ್ರತಿ ಸೆಕೆಂಡಿಗೆ ನೂರಾರು ಸಲ ಹಾಕುತ್ತೆ. ಆದ್ದರಿಂದಲೇ ಅದು ಸುಲಭಕ್ಕೆ ಒಗ್ಗೋದಿಲ್ಲ, ಒಗ್ಗಿದ ಮೇಲೆ ಬಿಡೋದೂ ಇಲ್ಲ. ಬ್ರಿಟನ್ನಿನ ಜಾನ್ ಮಾರ್ಡನ್‌ಬರೊ ಮನೆಯಲ್ಲಿ ಗೇಮ್ ಆಡ್ತಿದ್ದ ಹುಡುಗ. 2011ರಲ್ಲಿ ಜಿಟಿ ಅಕಾಡೆಮಿ ಸ್ಪರ್ಧೆ ಗೆದ್ದು ನಿಜವಾದ ರೇಸ್ ಕಾರು ಹತ್ತಿದ. ಅವನ ಕಥೆ 2023ರಲ್ಲಿ ಸಿನಿಮಾನೂ ಆಯ್ತು.

ಈಗ ಪೈಪೋಟಿಗೆ ಬರೋಣ. ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಇದನ್ನ ಅರ್ಥ ಮಾಡಿಸೋದು ಕಷ್ಟವೇ ಅಲ್ಲ. ಜೋಡಾಟ ನೋಡಿದೀರಲ್ಲ? ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಒಂದೇ ರಾತ್ರಿ ಆಟ. ಸಾಲಿಗ್ರಾಮದವರ ಅಭಿಮಾನಿ ಒಂದು ಕಡೆ, ಪೆರ್ಡೂರಿನವರ ಅಭಿಮಾನಿ ಇನ್ನೊಂದು ಕಡೆ. ಈ ಕಡೆ ಚೆಂಡೆ ಏರಿದರೆ ಜನ ಈ ಕಡೆ ವಾಲ್ತಾರೆ, ಆ ಕಡೆ ಪ್ರವೇಶ ಜೋರಾದರೆ ಆ ಕಡೆ ಸರೀತಾರೆ. ರೇಸಿಂಗ್ ಗೇಮಿನ ಜೋಡಾಟದಲ್ಲಿ ಎರಡು ದೊಡ್ಡ ಮೇಳ: ಸೋನಿಯ ಗ್ರ್ಯಾನ್ ಟುರಿಸ್ಮೊ, ಮೈಕ್ರೋಸಾಫ್ಟಿನ ಫೋರ್ಜಾ.

ಗ್ರ್ಯಾನ್ ಟುರಿಸ್ಮೊ ಹಿರಿಯ ಮೇಳ. ಕಝುನೋರಿ ಯಾಮಾವುಚಿ ಅನ್ನೋ ಕಾರು ಹುಚ್ಚಿನ ಮನುಷ್ಯ ತನ್ನ ತಂಡ ಕಟ್ಟಿಕೊಂಡು 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ತಂದ. ಆ ಮೊದಲ ಗೇಮೇ ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟ ಆಯ್ತು. ಅದರ ಸ್ವಭಾವ ಹಳೇ ಕಾಲದ ಮೇಷ್ಟ್ರದ್ದು. ಲೈಸೆನ್ಸ್ ಪರೀಕ್ಷೆ ಪಾಸು ಮಾಡು, ಆಮೇಲೆ ರೇಸು. ಫೋರ್ಜಾ ಬಂದದ್ದು 2005ರಲ್ಲಿ. ಇದು ಗೆಳೆಯನ ಸ್ವಭಾವದ್ದು. ತಿರುವಿನಲ್ಲಿ ತಪ್ಪಿದೆಯಾ? 2009ರಲ್ಲಿ ಬಂದ ಮೂರನೇ ಫೋರ್ಜಾದಿಂದ ಒಂದು ಬಟನ್ ಒತ್ತಿದರೆ ಕಾಲ ಹಿಂದಕ್ಕೆ ಸರಿಯುತ್ತೆ, ಮತ್ತೆ ಪ್ರಯತ್ನ ಮಾಡಬಹುದು. ಅದರ ತಂಗಿ ಫೋರ್ಜಾ ಹಾರೈಜನ್ ಅಂತೂ ಟ್ರ್ಯಾಕ್ ಬಿಟ್ಟು ಬಯಲಿಗೇ ಬಂದಳು. 2018ರದ್ದು ಬ್ರಿಟನ್ನಿನ ರಸ್ತೆ, 2021ರದ್ದು ಮೆಕ್ಸಿಕೊ. ಒಂದು ಶಿಸ್ತು ಕಲಿಸುತ್ತೆ, ಇನ್ನೊಂದು ಸಂತೋಷ ಕೊಡುತ್ತೆ. ಎರಡಕ್ಕೂ ಬೆಲೆ ಇದೆ.

ಇವೆರಡರ ಆಚೆ ಇನ್ನೆರಡು ಇವೆ. ಅಮೆರಿಕದ ಐರೇಸಿಂಗ್, ಶುರುವಾದದ್ದು 2008ರಲ್ಲಿ. ನಿಜವಾದ ಟ್ರ್ಯಾಕುಗಳನ್ನ ಲೇಸರ್‌ನಿಂದ ಅಳೆದು, ಡಾಂಬರಿನ ಉಬ್ಬುತಗ್ಗು ಸಮೇತ ಇಳಿಸಿಕೊಳ್ತಾರೆ. ಫಾರ್ಮುಲಾ ಒನ್ ಚಾಂಪಿಯನ್ ಮ್ಯಾಕ್ಸ್ ವರ್ಸ್ಟಾಪನ್ ಕೂಡ ಅಲ್ಲಿ ಆಡ್ತಾರೆ. ಆದರೆ ಅದು ಚಂದಾ ಲೆಕ್ಕ. ದುಡ್ಡು ಕಟ್ಟೋದು ನಿಲ್ಲಿಸಿದ ದಿನ ಬಾಗಿಲು ಬಂದ್. ಇನ್ನೊಂದು ಇಟಲಿಯ ಅಸೆಟ್ಟೊ ಕೋರ್ಸಾ, 2014ರದ್ದು. ಸಣ್ಣ ಕಂಪನಿ, ಆಡಂಬರ ಇಲ್ಲ. ಆದರೆ ಅವರು ಬಾಗಿಲು ತೆರೆದಿಟ್ಟರು. ಆಡುವವರೇ ಕಾರು ಮಾಡಿ ಸೇರಿಸಬಹುದು, ರಸ್ತೆ ಮಾಡಿ ಸೇರಿಸಬಹುದು. ಟೋಕಿಯೊದ ಹೆದ್ದಾರಿಯನ್ನೇ ಅಭಿಮಾನಿಗಳು ಅದರೊಳಗೆ ಕಟ್ಟಿದಾರೆ. ನಾಳೆ ತೀರ್ಥಹಳ್ಳಿಯ ಹುಡುಗನೊಬ್ಬ ಕೂತು ಆಗುಂಬೆಯ ತಿರುವುಗಳನ್ನ ಅದರಲ್ಲಿ ಕಟ್ಟಿದರೂ ಬೇಡ ಅನ್ನೋರಿಲ್ಲ. ಎಲ್ಲಕ್ಕಿಂತ ಮುಖ್ಯ, ಒಬ್ಬರೇ ಆಡೋದಾದರೆ ಇಂಟರ್‌ನೆಟ್ ಇಲ್ಲದೆಯೂ ಅದು ಓಡುತ್ತೆ.

ತೆರೆದ ಬಾಗಿಲಿನ ಬೆಲೆ ಏನು ಅಂತ ನಮ್ಮ ಮಕ್ಕಳಿಗೆ ಆಗಲೇ ಗೊತ್ತು. ಮೊಬೈಲಿನಲ್ಲಿ ಇಂಡೊನೇಷ್ಯಾದ ಬಸ್ ಗೇಮ್ ಒಂದಿದೆ, 2017ರದ್ದು. ಬಸ್ಸಿಗೆ ಬೇಕಾದ ಬಣ್ಣ ಹಚ್ಚಿಕೊಳ್ಳಬಹುದು, ಬೇಕಾದ ಬಸ್ಸನ್ನೇ ಮಾಡಿ ಹಾಕಿಕೊಳ್ಳಬಹುದು. ನಮ್ಮ ಕೆಎಸ್ಸಾರ್ಟಿಸಿ ಕೆಂಪು ಬಸ್ಸನ್ನ ಜಾವಾ ದ್ವೀಪದ ರಸ್ತೆಯಲ್ಲಿ ಓಡಿಸೋ ಹುಡುಗರು ಎಷ್ಟು ಮಂದಿ! ಇಂಡೊನೇಷ್ಯಾದ ಗೇಮು ನಮ್ಮೂರಿನದಾಗಿದ್ದು ಹೀಗೆ.

ಸರಿ, ಅಭಿಮಾನಿಗಳು ಪಾಳಯ ಬದಲಿಸಿದ್ದು ಯಾವಾಗ? ಗ್ರಾಫಿಕ್ಸ್ ಕಡಿಮೆ ಆದಾಗಲಾ? ಕಾರಿನ ಸಂಖ್ಯೆ ಕಡಿಮೆ ಆದಾಗಲಾ? ನಡೆದದ್ದನ್ನ ನೋಡಿ.

2022ರ ಮಾರ್ಚ್ 4ಕ್ಕೆ ಗ್ರ್ಯಾನ್ ಟುರಿಸ್ಮೊ 7 ಬಂತು. ವಿಮರ್ಶಕರು ಹೊಗಳಿದರು. ಎರಡು ವಾರ ಆಗಿಲ್ಲ, ಒಂದು ಅಪ್‌ಡೇಟ್ ಕಳಿಸಿದರು. ಅದರಲ್ಲಿ ಏನೋ ಎಡವಟ್ಟಾಗಿ ಸರ್ವರ್ ಮುಚ್ಚಬೇಕಾಯ್ತು. ಮೂವತ್ತು ಗಂಟೆಗೂ ಮೀರಿ! ಆ ಹೊತ್ತಲ್ಲಿ ಒಬ್ಬರೇ ಕೂತು ಆಡುವವರಿಗೂ ಗೇಮಿನ ಬಹುತೇಕ ಭಾಗ ಸಿಗಲಿಲ್ಲ. ಕಾರಣ, ಆಟಗಾರ ಗಳಿಸಿದ್ದರ ಲೆಕ್ಕ ಕಂಪನಿಯ ಸರ್ವರಿನಲ್ಲಿ ಇರುತ್ತೆ. ಮನೆಯ ಪೆಟ್ಟಿಗೆಯಲ್ಲಿ ಲೆಕ್ಕ ಇದ್ದರೆ ಮೋಸ ಮಾಡ್ತಾರೆ ಅನ್ನೋದು ಅವರ ಸಮಜಾಯಿಷಿ. ಸರ್ವರ್ ತೆರೆದಾಗ ಇನ್ನೊಂದು ಆಘಾತ. ರೇಸ್ ಗೆದ್ದರೆ ಸಿಗುತ್ತಿದ್ದ ಬಹುಮಾನವನ್ನ ಹಲವು ಕಡೆ ಇಳಿಸಿಬಿಟ್ಟಿದ್ದರು. ಅಪರೂಪದ ಒಂದು ಹಳೇ ಕಾರು ಬೇಕಂದರೆ ಎರಡು ಕೋಟಿ ಕ್ರೆಡಿಟ್‌ನ ಆಸುಪಾಸು. ಅಮೆರಿಕದಲ್ಲಿ 20 ಲಕ್ಷ ಕ್ರೆಡಿಟ್‌ಗೆ 20 ಡಾಲರ್ ರೇಟು. ಅಂದರೆ ಪರದೆ ಮೇಲಿನ ಒಂದು ಕಾರಿಗೆ 200 ಡಾಲರ್! ಇಲ್ಲದಿದ್ದರೆ ಕೂತು ಗಂಟೆಗಟ್ಟಲೆ ದುಡಿಯಬೇಕು. ದುಡ್ಡು ಕೊಟ್ಟು ಗೇಮ್ ತಗೊಂಡು, ಅದರೊಳಗೆ ಮತ್ತೆ ಕೂಲಿ ಮಾಡೋದಾ?

ಅಭಿಮಾನಿಗಳು ರೊಚ್ಚಿಗೆದ್ದರು. ಜನ ಅಂಕ ಕೊಡುವ ಮೆಟಾಕ್ರಿಟಿಕ್‌ನಲ್ಲಿ ಹತ್ತಕ್ಕೆ ಎರಡೂ ಉಳಿಯಲಿಲ್ಲ. ಅದೇ ತಿಂಗಳು ಯಾಮಾವುಚಿ ಕ್ಷಮೆ ಕೇಳಿದರು, ಪ್ರತಿಯೊಬ್ಬ ಆಟಗಾರನಿಗೆ ಹತ್ತು ಲಕ್ಷ ಕ್ರೆಡಿಟ್ ಕೊಟ್ಟರು, ಏಪ್ರಿಲ್‌ನಲ್ಲಿ ಬಹುಮಾನ ಏರಿಸಿದರು. ಆಮೇಲೆ ವರ್ಷಗಟ್ಟಲೆ ಹೊಸ ಕಾರುಗಳನ್ನ ಉಚಿತವಾಗಿ ಸೇರಿಸುತ್ತಾ ಬಂದರು. ಹೋದವರಲ್ಲಿ ಎಷ್ಟೋ ಜನ ವಾಪಸ್ ಬಂದರು. ತಪ್ಪು ಒಪ್ಪಿಕೊಂಡವನಿಗೆ ಜನ ಇನ್ನೊಂದು ಅವಕಾಶ ಕೊಡ್ತಾರೆ.

ಫೋರ್ಜಾ ಇದನ್ನ ನೋಡಿ ಪಾಠ ಕಲೀತಾ? ಇಲ್ಲ. 2023ರ ಅಕ್ಟೋಬರಿನ ಫೋರ್ಜಾ ಮೋಟಾರ್‌ಸ್ಪೋರ್ಟ್‌ನಲ್ಲೂ ವೃತ್ತಿ ಪಯಣದ ಆಟಕ್ಕೆ ಇಂಟರ್‌ನೆಟ್ ಕಡ್ಡಾಯ ಮಾಡಿದರು. ಸಾಲದ್ದಕ್ಕೆ ಒಂದೊಂದು ಕಾರನ್ನೂ ಓಡಿಸಿ ಓಡಿಸಿ ‘ಲೆವೆಲ್’ ಏರಿಸಿದರೆ ಮಾತ್ರ ಬಿಡಿಭಾಗ ಕೊಡ್ತೀವಿ ಅಂದರು. ಬೈಗುಳ ತಿಂದ ಮೇಲೆ ಅದನ್ನ ಸಡಿಲ ಮಾಡಿದರು. ಇನ್ನು 2025ರ ಏಪ್ರಿಲ್ 29ರಂದು ಫೋರ್ಜಾ ಹಾರೈಜನ್ 5 ಸೋನಿಯ ಪ್ಲೇಸ್ಟೇಶನ್‌ಗೇ ಬಂತು! ಇಪ್ಪತ್ತು ವರ್ಷ ‘ನಮ್ಮ ಮೇಳ, ನಿಮ್ಮ ಮೇಳ’ ಅಂತ ಕಿತ್ತಾಡಿದ ಅಭಿಮಾನಿಗಳು ಕಣ್ಣು ಕಣ್ಣು ಬಿಟ್ಟರು. ಕಂಪನಿಗಳು ರಾಜಿ ಆದವು. ಜಗಳ ಆಡಿ ಸ್ನೇಹ ಕೆಡಿಸಿಕೊಂಡವರು ನಾವು.

ಇಷ್ಟೇ ಆಗಿದ್ದರೆ ಇದು ಗೇಮ್ ಆಡುವವರ ಮನೆಮಾತು ಅಂತ ಬಿಟ್ಟುಬಿಡಬಹುದಿತ್ತು. ಆದರೆ ನಿಜವಾದ ಪೆಟ್ಟು ಬಿದ್ದದ್ದು ಇನ್ನೊಂದು ಕಡೆಯಿಂದ.

ಮಲೆನಾಡಿನವರಿಗೆ ಬಸ್ಸಿನ ಮೇಲೆ ಇರೋ ಪ್ರೀತಿ ನನಗೆ ಗೊತ್ತು. ಕೆಲವರು ಗಜಾನನ ಬಸ್ಸೇ ಬರಲಿ ಅಂತ ಕಾಯ್ತಾರೆ. ಕೊಪ್ಪದ ಸಹಕಾರ ಸಾರಿಗೆ ಅಂದರಂತೂ ಇವತ್ತಿಗೂ ಕಣ್ಣು ಒದ್ದೆ ಮಾಡಿಕೊಳ್ಳೋರಿದ್ದಾರೆ. 1991ರಲ್ಲಿ ಕೆಲಸ ಕಳಕೊಂಡ ಕಾರ್ಮಿಕರೇ ಸೇರಿ ಕಟ್ಟಿದ ಸಂಸ್ಥೆ ಅದು, 2020ರಲ್ಲಿ ನಿಂತು ಹೋಯ್ತು. ಬಸ್ಸು ನಿಂತಿತು, ಸಂಕಟ ಆಯ್ತು. ಆದರೆ ರಸ್ತೆ? ರಸ್ತೆ ಇದೆ. ಇನ್ನೊಂದು ಬಸ್ಸು ಹತ್ತಬಹುದು, ಬೈಕಿನಲ್ಲಿ ಹೋಗಬಹುದು, ನಡೆದಾದರೂ ಹೋಗಬಹುದು.

ಯೂಬಿಸಾಫ್ಟ್ ಕಂಪನಿಯ ‘ದಿ ಕ್ರೂ’ ಅನ್ನೋ ಕಾರ್ ಗೇಮ್ 2014ರಲ್ಲಿ ಬಂದಿತ್ತು. ಇಡೀ ಅಮೆರಿಕವನ್ನ ಚಿಕ್ಕದು ಮಾಡಿ ಅದರೊಳಗೆ ಇಟ್ಟಿದ್ದರು. ಈ ಕರಾವಳಿಯಿಂದ ಆ ಕರಾವಳಿವರೆಗೆ ಕಾರು ಓಡಿಸಬಹುದಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್ ಮಾಡಿದರು. ಒಬ್ಬರೇ ಆಡೋದಕ್ಕೂ ಸರ್ವರ್ ಬೇಕಿದ್ದ ಗೇಮು ಅದು. ಅಲ್ಲಿಗೆ ಬಸ್ಸೂ ಹೋಯ್ತು, ರಸ್ತೆಯೂ ಹೋಯ್ತು, ಊರೂ ಹೋಯ್ತು. ದುಡ್ಡು ಕೊಟ್ಟು ಕೊಂಡವರ ಖಾತೆಯಿಂದ ಲೈಸೆನ್ಸ್ ಕೂಡ ಕಿತ್ತುಕೊಂಡರು.

ಆ ಸಿಟ್ಟಿನಿಂದ ಹುಟ್ಟಿದ್ದು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ. ನೀವು ಎಂದಾದರೂ ಅಂಗಡಿ ಮುಚ್ಚಿಕೊಳ್ಳಿ, ಆದರೆ ಮಾರಿದ ಗೇಮು ಆಡಲು ಬರುವಂತೆ ಬಿಟ್ಟು ಹೋಗಿ ಅನ್ನೋದು ಅವರ ಬೇಡಿಕೆ. ಯುರೋಪಿನಲ್ಲಿ ಅವರ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷ ಸಹಿ ದಾಟಿತು. ಯೂಬಿಸಾಫ್ಟ್ ಬಗ್ಗಿತು. ತನ್ನ ‘ದಿ ಕ್ರೂ 2’ ಗೇಮನ್ನ ಇಂಟರ್‌ನೆಟ್ ಇಲ್ಲದೆಯೂ ಆಡುವ ಹಾಗೆ ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಕಾನೂನೇ ಬಂದಿದೆ: ಕೊಡ್ತಿರೋದು ಬರೀ ಲೈಸೆನ್ಸ್ ಆದರೆ ‘ಖರೀದಿ’ ಅನ್ನೋ ಬಟನ್ ಹಿಂದೆ ಅದನ್ನ ಮುಚ್ಚಿಡೋ ಹಾಗಿಲ್ಲ, ಗ್ರಾಹಕನಿಗೆ ತಿಳಿಯುವಂತೆ ಹೇಳಬೇಕು. ನಮ್ಮಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಇ-ಕಾಮರ್ಸ್ ಅಂದರೆ ಏನು ಅಂತ ಹೇಳುವಾಗ ಡಿಜಿಟಲ್ ಉತ್ಪನ್ನವನ್ನೂ ಅದು ಸೇರಿಸುತ್ತೆ. ‘ಅನ್ಯಾಯದ ಕರಾರು’ ಅನ್ನೋದೂ ಅದರಲ್ಲಿದೆ. ಅದನ್ನ ಹಿಡಿದು ಕೇಳೋ ಬಾಯಿ ಬೇಕು, ಅಷ್ಟೆ.

ಈ ಮಾತನ್ನ ಬೆಂಗಳೂರಿನ ಹುಡುಗನಿಗಿಂತ ಮಲೆನಾಡಿನ ಹುಡುಗನಿಗೆ ಜಾಸ್ತಿ ಒತ್ತಿ ಹೇಳಬೇಕು. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿ, ಕೊಡೆ ಹಿಡಿದು ಸಿಗ್ನಲ್ ಹುಡುಕಿದ ಮಕ್ಕಳು ಇಲ್ಲಿಯವರು. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ದನಿ ಎತ್ತಿದ ಹಳ್ಳಿಗಳು ಇದೇ ಭಾಗದಲ್ಲಿವೆ. ‘ಇಂಟರ್‌ನೆಟ್ ಸದಾ ಬೇಕು’ ಅನ್ನೋ ಸಣ್ಣ ಅಕ್ಷರದ ಷರತ್ತು ಪಟ್ಟಣದವನಿಗೆ ಬರೀ ಷರತ್ತು. ಮಳೆಗಾಲದ ಹೊಸನಗರದವನಿಗೆ ಅದೇ ಬಾಗಿಲಿಗೆ ಬೀಗ.

ಹಾಗಾದರೆ ಯಾವ ಗೇಮ್ ತಗೋಬೇಕು? ಯಾವುದು ಮೇಲು ಅಂತ ನಾನು ತೀರ್ಪು ಕೊಡಲ್ಲ. ತಗೊಳ್ಳೋ ಮೊದಲು ಮೂರು ಪ್ರಶ್ನೆ ಕೇಳಿ. ನೆಟ್ ಹೋದರೆ ಒಬ್ಬನೇ ಆಡಬಹುದಾ? ಒಳಗೆ ಹೋದ ಮೇಲೆ ಮತ್ತೆ ದುಡ್ಡು ಕೇಳುತ್ತಾ? ಕಂಪನಿ ಮಾರಾಟ ನಿಲ್ಲಿಸಿದರೆ ನನ್ನ ಹತ್ತಿರ ಏನು ಉಳಿಯುತ್ತೆ? ಈ ಕೊನೆ ಪ್ರಶ್ನೆಗೆ ಫೋರ್ಜಾ ಹಾರೈಜನ್ 4 ಒಂದು ಉದಾಹರಣೆ. ಕಾರು, ಹಾಡುಗಳ ಪರವಾನಗಿ ಅವಧಿ ಮುಗೀತು ಅಂತ 2024ರ ಡಿಸೆಂಬರ್ 15ಕ್ಕೆ ಮಾರಾಟ ನಿಲ್ಲಿಸಿದರು. ಆದರೆ ಮೊದಲೇ ಕೊಂಡವರು ಆಡೋದನ್ನ ತಡೀಲಿಲ್ಲ. ಅಂಗಡಿ ಮುಚ್ಚೋದಕ್ಕೂ, ಮಾರಿದ ಮಾಲು ವಾಪಸ್ ಕಿತ್ತುಕೊಳ್ಳೋದಕ್ಕೂ ಇರೋ ವ್ಯತ್ಯಾಸ ಇದು.

ಜೋಡಾಟದ ಪ್ರೇಕ್ಷಕ ದಡ್ಡ ಅಲ್ಲ. ಮೇಳದ ಮೇಲೆ ಅಭಿಮಾನ ಇದ್ದರೂ, ನಿದ್ದೆಗೆಟ್ಟು ಕೂತ ತನ್ನ ರಾತ್ರಿಗೆ ಬೆಲೆ ಕೊಡೋ ರಂಗಸ್ಥಳದ ಕಡೆಗೇ ಆತ ತಿರುಗಿ ಕೂರ್ತಾನೆ. ಅದು ನಿಷ್ಠೆ ಬದಲಿಸಿದ ಹಾಗಲ್ಲ, ತನ್ನ ಮರ್ಯಾದೆ ಉಳಿಸಿಕೊಂಡ ಹಾಗೆ. ಅಪ್ಪಯ್ಯನಿಗೆ ಮಗ ಏನು ಉತ್ತರ ಹೇಳಬೇಕು? ಇಷ್ಟು ಹೇಳಲಿ: “ನಾವು ಕೊಂಡಿದ್ದೀವಿ ಅಂದುಕೊಂಡಿದ್ವಿ ಅಪ್ಪಯ್ಯ, ಅವರು ಬಾಡಿಗೆಗೆ ಕೊಟ್ಟಿದ್ದರು. ಮುಂದಿನ ಸಲ ಕೇಳಿ ತಗೊಳ್ತೀನಿ.”